ಜರ್ಮನ್ ಹಾಡಿಗೆ ನಮ್ಮ ಭಾವನ ಅಂದಾಜು

ನಮ್ಮ ಭಾವನಿಗೆ ಜರ್ಮನ್ ಭಾಷೆ ಬರುತ್ತದೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ, ಅದು ಭಾವ.

ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. ಭಾವನನ್ನು ಕಂಡರೆ ನನಗೆ ಪ್ರೀತಿ. ನನ್ನ ರೇಡಿಯೊ ರಿಪೇರಿ ಅಂಗಡಿಗೆ ದಿನಕ್ಕೊಮ್ಮೆ ಬಂದು, ಬಿಚ್ಚಿಟ್ಟ ಸ್ಕ್ರೂಗಳ ಮೇಲೆಯೇ ಟೀ ಲೋಟ ಇಟ್ಟು, ಲೋಟ ಎತ್ತುವಾಗ ಅದರ ತಳಕ್ಕೆ ಎರಡು ಸ್ಕ್ರೂ ಅಂಟಿಸಿಕೊಂಡು ಹೋಗುವ ಮನುಷ್ಯನನ್ನು ಹದಿನಾರು ವರ್ಷ ಸಹಿಸಿದ್ದೇನೆ ಎಂದರೆ ಅದಕ್ಕೆ ಪ್ರೀತಿಯಲ್ಲದೆ ಬೇರೆ ಹೆಸರಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ.

ಭಾವ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್. ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಕೊಡೆ. ದಿನಕ್ಕೆ ನೂರು ಮನೆ. ಗೇಟಿನೊಳಗಿನ ಗುಂಡಿಯ ಮುಚ್ಚಳ ಎತ್ತಿ, ಬಗ್ಗಿ, ಮೀಟರಿನ ಗಾಜು ಒರೆಸಿ, ಅಂಕಿ ಓದಿ, ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋಗಬೇಕು. ಹೋಗುತ್ತಿದ್ದರು. ಕೊಡೆ ಮಾತ್ರ ಹಿಂದಿನ ಮನೆಯ ಗೇಟಿಗೆ ನೇತುಬಿದ್ದಿರುತ್ತಿತ್ತು. ಮಳೆಗಾಲದಲ್ಲಿ ಆ ಬಡಾವಣೆಯ ಅರ್ಧ ಜನ ಭಾವನ ಕೊಡೆ ಹಿಡಿದು ಓಡಾಡುತ್ತಿದ್ದರು, ಭಾವ ನೆನೆದುಕೊಂಡು ಓಡಾಡುತ್ತಿದ್ದರು.

ಅವರ ಕೆಲಸದಲ್ಲಿ ಒಂದು ಪದ್ಧತಿ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ಮನೆಯ ಗೇಟಿಗೆ ಬೀಗ ಹಾಕಿದ್ದರೆ ಮೀಟರ್ ನೋಡುವುದಕ್ಕಾಗುವುದಿಲ್ಲ. ಆಗ ಹಿಂದಿನ ತಿಂಗಳುಗಳ ಅಂಕಿ ನೋಡಿ, ಈ ತಿಂಗಳು ಇಷ್ಟಿರಬಹುದು ಎಂದು ಊಹಿಸಿ ಬರೆಯಬಹುದು. ಆದರೆ ಅದರ ಪಕ್ಕದಲ್ಲಿ ಸಣ್ಣದಾಗಿ ‘ಅಂ’ ಎಂದು ಹಾಕಲೇಬೇಕು. ಅಂದಾಜು ಎಂದರ್ಥ. ‘ಅಂ’ ಹಾಕದೆ ಊಹೆಯನ್ನು ನಿಜವೆಂದು ದಾಟಿಸುವುದು ಆ ಕಚೇರಿಯಲ್ಲಿ ಮಹಾಪರಾಧ. ಹಾಗೆ ಮಾಡಿದ ಒಬ್ಬರನ್ನು ಸಾಹೇಬರು ಉಗ್ರಾಣಕ್ಕೆ ಹಾಕಿದರು. ಅವರು ಇವತ್ತಿಗೂ ಅಲ್ಲಿ ಪೈಪುಗಳ ಧೂಳು ಒರೆಸುತ್ತಿದ್ದಾರೆ.

ಭಾವ ನಮ್ಮ ಮನೆಗೆ ಬಂದದ್ದೂ ಮೀಟರ್ ನೋಡುವುದಕ್ಕೇ. ಬಾಗಿಲು ತೆರೆದವಳು ನಮ್ಮಕ್ಕ. “ಬಿಸಿಲಲ್ಲಿ ಬಂದಿದೀರಾ, ನೀರು ಕುಡೀರಿ” ಎಂದು ಒಂದು ಲೋಟ ನೀರು ಕೊಟ್ಟಳು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಬರಬೇಕಾದವರು ವಾರಕ್ಕೊಮ್ಮೆ ಬರತೊಡಗಿದರು. ನಮ್ಮ ಮನೆಯಷ್ಟು ನಿಖರವಾದ ರೀಡಿಂಗ್ ಆ ವರ್ಷ ಊರಿನಲ್ಲಿ ಬೇರೆ ಯಾರ ಮನೆಯದ್ದೂ ಇರಲಿಲ್ಲ. ಕೊನೆಗೆ ನಮ್ಮಪ್ಪನೇ, ಈ ಮನುಷ್ಯ ಗುಂಡಿಯ ಮುಚ್ಚಳ ಎತ್ತಿ ಎತ್ತಿ ಸೊಂಟ ಹಿಡಿಸಿಕೊಳ್ಳುವುದಕ್ಕಿಂತ ಮದುವೆ ಮಾಡಿಕೊಡುವುದು ವಾಸಿ ಎಂದು ಒಪ್ಪಿದರು.

ಮದುವೆಯ ಹೊಸತರಲ್ಲಿ, ಮನೆ ಖಾಲಿ ಮಾಡುತ್ತಿದ್ದ ಯಾರೋ ಬಾಡಿಗೆದಾರರು ಬೇಡದ ಸಾಮಾನಿನ ಪೆಟ್ಟಿಗೆಯೊಂದನ್ನು ಭಾವನಿಗೆ ಕೊಟ್ಟು ಹೋದರು. ಅದರಲ್ಲಿ ಒಂದು ಕ್ಯಾಸೆಟ್ ಇತ್ತು. ಹೊದಿಕೆಯ ಮೇಲೆ ಬಿಳಿ ಕೋಟು ತೊಟ್ಟ, ದಪ್ಪ ಮೀಸೆಯ ಒಬ್ಬ ಗಾಯಕನ ಫೋಟೊ. ಒಳಗೆ ಹನ್ನೊಂದು ಹಾಡು, ಹನ್ನೊಂದೂ ಜರ್ಮನ್. ನಾನು ಅವರ ಮನೆಯಲ್ಲಿ ಟೇಪ್ ರೆಕಾರ್ಡರ್ ಕೂಡಿಸಿ ಮೊದಲ ಹಾಡು ಹಾಕಿದೆ. ರಾಗ ಚೆನ್ನಾಗಿತ್ತು. ಅಕ್ಕ ಕೇಳಿದಳು:

“ಏನು ಹೇಳ್ತಿದಾನ್ರೀ ಇವನು?”

“ಜರ್ಮನ್” ಎಂದರು ಭಾವ.

“ಅದು ಭಾಷೆ. ಏನು ಹೇಳ್ತಿದಾನೆ ಅಂದೆ.”

ಮದುವೆಯಾಗಿ ಹನ್ನೊಂದು ದಿನವಾಗಿತ್ತು. ಹನ್ನೊಂದನೆಯ ದಿನ ಹೆಂಡತಿಯ ಮುಂದೆ ‘ಗೊತ್ತಿಲ್ಲ’ ಎನ್ನುವ ಗಂಡ ಇನ್ನೂ ಹುಟ್ಟಿಲ್ಲ, ಅದಕ್ಕೆ ಒಂದು ವರ್ಷವಾದರೂ ಬೇಕು. ಭಾವ ಕಣ್ಣು ಮುಚ್ಚಿದರು. ಗಾಯಕ ಒಂದೊಂದು ಸಾಲು ಎಳೆದ ಹಾಗೆ ಒಂದೊಂದು ಸಾಲು ಹೇಳಿದರು:

“ದಿನವೂ ನೂರು ಬಾಗಿಲು ತಟ್ಟಿದೆ. ಎಲ್ಲರೂ ಒಳಗಿನಿಂದಲೇ ‘ಯಾರು’ ಎಂದರು. ನೀನೊಬ್ಬಳೇ ಬಾಗಿಲು ತೆರೆದು ‘ಬಿಸಿಲಲ್ಲಿ ಬಂದಿರಾ’ ಎಂದು ಕೇಳಿದೆ. ಅವತ್ತಿನಿಂದ ನನಗೆ ಬೇರೆ ಬಾಗಿಲುಗಳ ನಂಬರು ನೆನಪಿಲ್ಲ.”

ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ನನಗೆ, ಜರ್ಮನಿಯಲ್ಲಿ ಅಷ್ಟೊಂದು ಬಿಸಿಲೇ ಎಂದು ಒಂದು ಸಣ್ಣ ಅನುಮಾನ ಬಂತು. ಅಕ್ಕನಿಗೆ ಬರಲಿಲ್ಲ. ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ನೋಡಿ ಬರೆದ ಉತ್ತರವನ್ನು ಮೂರು ಬೆಂಚಿನಾಚೆಯಿಂದ ವಾಸನೆಯಲ್ಲೇ ಹಿಡಿಯುವವಳು. ಅಂಥವಳ ಕಣ್ಣಲ್ಲಿ ಅವತ್ತು ನೀರು.

“ಎಂಥ ಮಾತು ಹೇಳಿದಾನೆ ಪುಣ್ಯಾತ್ಮ” ಎಂದಳು. ಮರುದಿನವೇ ಒಂದು ನೋಟ್‌ಬುಕ್ ತಂದು ಹನ್ನೊಂದು ಹಾಡನ್ನೂ ಬರೆದುಕೊಡಿ ಎಂದಳು. ಭಾವ ಒಂದು ತಿಂಗಳು ಕೂತು ಬರೆದರು. ಪ್ರತಿ ಸಾಲಿನ ಪಕ್ಕದಲ್ಲೂ ತಮ್ಮ ಕೆಲಸದ ನಿಷ್ಠೆಗೆ ತಕ್ಕಂತೆ ಸಣ್ಣದಾಗಿ ‘ಅಂ’ ಹಾಕಿದರು. ಇದೇನೆಂದು ಅಕ್ಕ ಕೇಳಿದ್ದಕ್ಕೆ “ಅದು ಹಾಗೇ ಹಾಕ್ಬೇಕು” ಎಂದರು. ಜರ್ಮನ್ ಸಂಪ್ರದಾಯವಿರಬೇಕು ಎಂದುಕೊಂಡು ಅಕ್ಕ ಸುಮ್ಮನಾದಳು.

ಅವತ್ತಿನಿಂದ ಆ ಮೀಸೆಯವನು ಅವರ ಮನೆಯಲ್ಲಿ ಝಂಡಾ ಊರಿದ. ಕ್ಯಾಸೆಟ್ಟಿನ ಹೊದಿಕೆ ಕನ್ನಡಿಯ ಪಕ್ಕದಲ್ಲಿ ನಿಂತಿತು. ಅಕ್ಕನ ಪಾಲಿಗೆ ಅವನು ಗಂಡಸರಿಗೆಲ್ಲ ಮಾದರಿ.

“ಅಡುಗೆಮನೆ ಬಲ್ಬು ತನ್ನಿ ಅಂತ ಹೋದ ವಾರ ಹೇಳಿದ್ದೆ.”

“ಮರೆತೆ.”

“ಅವನನ್ನ ನೋಡಿ ಕಲೀರಿ. ನೂರು ಬಾಗಿಲು ತಟ್ಟಿದ ಮೇಲೂ ಅವಳನ್ನ ಮರೀಲಿಲ್ಲ. ನಿಮಗೆ ಒಂದು ಬಲ್ಬು ನೆನಪಿರಲ್ಲ.”

ಹದಿನಾರು ವರ್ಷದಲ್ಲಿ ಭಾವ ಹೆಂಡತಿಗೆ ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಅಕ್ಕನನ್ನು ಕರೆಯುವುದಕ್ಕೂ ಬಾಗಿಲ ಹತ್ತಿರ ನಿಂತು ಕೆಮ್ಮುತ್ತಿದ್ದರು. ಒಂದು ದಿನ ನನ್ನ ಅಂಗಡಿಯಲ್ಲಿ ಕೂತು ನಿಟ್ಟುಸಿರು ಬಿಟ್ಟರು.

“ಅವನು ಯಾರೋ ಏನೋ. ಬಂದು ನನ್ನ ಮನೇಲಿ ಕೂತ್ಬಿಟ್ಟಿದಾನೆ ಕಣಯ್ಯ.”

“ಮಾತು ನಿಮ್ಮದು ಅಂತ ಅಕ್ಕನಿಗೆ ಹೇಳ್ಬಿಡಿ ಭಾವ.”

“ಹೇಳಿದ್ರೆ ಇಷ್ಟು ವರ್ಷ ಸುಳ್ಳು ಹೇಳಿದ್ರಿ ಅಂತಾಳೆ. ಇಲ್ಲಾಂದ್ರೆ, ನಿಮ್ಮ ಮುಖಕ್ಕೆ ಅಂಥ ಮಾತು ಎಲ್ಲಿ ಬರ್ಬೇಕು ಅಂತಾಳೆ. ಯಾವುದು ಅಂದ್ರೂ ನಾನು ಉಳಿಯಲ್ಲ.”

“ಹೊಸದಾಗಿ ಒಂದು ಮಾತು ಹೇಳಿ ಹಾಗಾದ್ರೆ.”

“ನನ್ನ ಬಾಯಲ್ಲಿ ಬರಲ್ಲಯ್ಯ. ಹಾಡು ಹಾಕಿದ್ರೆ ಬರುತ್ತೆ.”

ತನ್ನ ಮಾತಿಗೆ ತಾನೇ ಹೊಟ್ಟೆಕಿಚ್ಚು ಪಡುತ್ತಿದ್ದ ಗಂಡಸನ್ನು ನಾನು ಕಂಡದ್ದು ಅವರೊಬ್ಬರನ್ನೇ. ನಕ್ಕೆ. ಆದರೆ ಅವರ ಮುಖ ನೋಡಿ ಪಾಪ ಎನ್ನಿಸಿತು. ಹೆಂಡತಿ ಆ ಮೀಸೆಯವನ ಮೇಲೆ ಇಟ್ಟಿದ್ದ ಭಕ್ತಿಯಲ್ಲಿ ಕಾಲು ಭಾಗವಾದರೂ ತನ್ನ ಮೇಲಿರಲಿ ಎಂಬುದು ಅವರ ಆಸೆ. ಗುಟ್ಟು ಹೊರಬಿದ್ದರೆ ಇರುವ ಮರ್ಯಾದೆಯೂ ಹೋಗುತ್ತದೆ ಎಂಬುದು ಭಯ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಇಂಗ್ಲಿಷಿನವರು ಅಡ್ಡಬಂದರು.

ಒಂದು ಭಾನುವಾರ ಬೆಳಿಗ್ಗೆ ರೇಡಿಯೊದಲ್ಲಿ ಅದೇ ರಾಗ ಬಂತು. ರಾಗ ಅದೇ, ತಾಳ ಅದೇ, ಭಾಷೆ ಇಂಗ್ಲಿಷು. ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಕೇಳಿದಳು. ‘ಕಾರು ತೆಗಿ ಗೆಳತಿ, ಕಿಟಕಿಯ ಗಾಜು ಇಳಿಸು, ಕಡಲಿಗೆ ಹೋಗಿ ಕುಣಿಯೋಣ’ ಎಂದು ಯಾರೋ ಇಂಗ್ಲಿಷಿನವನು ಹಾಡುತ್ತಿದ್ದ. ನೂರು ಬಾಗಿಲುಗಳ ಸುದ್ದಿಯೇ ಇಲ್ಲ. ಇದ್ದದ್ದು ಕಾರಿನ ಎರಡು ಬಾಗಿಲು.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. “ಅಂಥ ಹಾಡನ್ನ ತಗೊಂಡು ಹೀಗಾ ಮಾಡೋದು? ಕಲ್ಲು ಹೃದಯದವರು” ಎಂದು ಸೋಮವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದಳು. ಮೂಲದಲ್ಲಿ ಏನಿದೆ ಎಂದು ನೋಟ್‌ಬುಕ್ ತೆಗೆದು ಓದಿದಳು. ನಾಲ್ಕು ಜನ ಟೀಚರುಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರಲ್ಲೊಬ್ಬರ ಗಂಡ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕ. ಅಲ್ಲಿ ತಿಂಗಳಿಗೊಂದು ಭಾಷಣ ನಡೆಯುತ್ತದೆ. ಮೂರು ತಿಂಗಳಿಂದ ಬೇರೆ ಯಾರೂ ಸಿಗದೆ ಒಬ್ಬರೇ ಮಹನೀಯರು ಜೇನು ಸಾಕಣೆಯ ಬಗ್ಗೆ ಮಾತಾಡುತ್ತಿದ್ದರು, ಕೇಳುವವರು ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಗ್ರಂಥಪಾಲಕರು ಸುದ್ದಿ ಕೇಳಿದ ಸಂಜೆಯೇ ಅಕ್ಕನ ಮನೆಗೆ ಓಡಿಬಂದರು. ಭಾವ ಇನ್ನೂ ಮನೆಗೆ ಬಂದಿರಲಿಲ್ಲ. ಅಕ್ಕನೇ ಒಪ್ಪಿಗೆ ಕೊಟ್ಟು ಕಳಿಸಿದಳು.

ಎರಡು ದಿನದಲ್ಲಿ ಕರಪತ್ರ ಅಚ್ಚಾಯಿತು: ‘ಮೂಲ ಜರ್ಮನ್ ಜನಪ್ರಿಯ ಗೀತೆಗಳು ಮತ್ತು ಅವುಗಳ ಇಂಗ್ಲಿಷ್ ರೂಪಗಳು: ಒಂದು ತೌಲನಿಕ ನೋಟ.’ ಉಪನ್ಯಾಸಕರ ಹೆಸರಿನ ಕೆಳಗೆ ‘ಜರ್ಮನ್ ವಿದ್ವಾಂಸರು, ನೀರು ಸರಬರಾಜು’ ಎಂದಿತ್ತು. ಒಂದು ಪ್ರತಿ ಭಾವನ ಕಚೇರಿಯ ಸೂಚನಾ ಫಲಕವನ್ನೂ ಸೇರಿತು. ಸಾಹೇಬರು ಒಳಗೆ ಕರೆದರು.

“ಕೂತ್ಕೊಳ್ಳಿ” ಎಂದರು. ಇಷ್ಟು ವರ್ಷದ ಸರ್ವಿಸಿನಲ್ಲಿ ಸಾಹೇಬರ ಮುಂದೆ ಕುರ್ಚಿ ಇದೆ ಎಂಬುದೇ ಭಾವನಿಗೆ ಗೊತ್ತಿರಲಿಲ್ಲ. “ನಮ್ಮಲ್ಲಿ ಇಂಥವರು ಇದೀರಿ ಅಂತ ಗೊತ್ತಿದ್ರೆ ಹೊಸ ಪಂಪಿನ ಕೈಪಿಡಿ ನಿಮ್ಮ ಹತ್ರಾನೇ ಓದಿಸ್ತಿದ್ದೆ. ಪೂರ್ತಿ ಜರ್ಮನ್ ಭಾಷೇಲಿದೆ. ಎರಡು ವರ್ಷದಿಂದ ಪಂಪು ಪೆಟ್ಟಿಗೇಲೇ ಕೂತಿದೆ.”

“ನನಗೆ ಬರೋದು ಹಾಡಿನ ಜರ್ಮನ್ ಮಾತ್ರ ಸರ್. ಪಂಪಿನ ಜರ್ಮನ್ ಬೇರೆ.”

ಸಾಹೇಬರು ಇದನ್ನು ವಿನಯ ಎಂದುಕೊಂಡರು. ಅಧ್ಯಕ್ಷತೆ ತಾವೇ ವಹಿಸುವುದಾಗಿ ಹೇಳಿ ಕೈಕುಲುಕಿದರು.

ಭಾವ ನೇರ ನನ್ನ ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿದರು.

“ನಿನ್ನ ಯಂತ್ರ ಆ ಟೇಪನ್ನ ನುಂಗ್ಬಿಡ್ಲಿ ಕಣಯ್ಯ. ಏನಾದ್ರೂ ಮಾಡು.”

“ಅಕ್ಕ ನನ್ನ ಹತ್ರಾನೇ ಎರಡು ಪ್ರತಿ ಮಾಡಿಸಿ ಬೀರುವಲ್ಲಿ ಇಟ್ಟಿದಾಳೆ ಭಾವ.”

“ಗಂಟಲು ಕಟ್ಟಿದೆ ಅಂತೀನಿ.”

“ಕಷಾಯ ಮಾಡಿ ಕುಡಿಸ್ತಾಳೆ.”

ಭಾವ ಬೆಂಚಿನ ಮೇಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಅವರಿಗೇ ಧೈರ್ಯ ಬಂತು. “ಇರ್ಲಿ ಬಿಡು. ಈ ಊರಲ್ಲಿ ಜರ್ಮನ್ ಬರೋರು ಯಾರಿದಾರೆ? ಬೀಗ ಹಾಕಿದ ಮನೆ. ಒಳಗೇನಿದೆ ಅಂತ ಯಾರು ನೋಡ್ತಾರೆ.”

ಭಾಷಣಕ್ಕೆ ಎರಡು ದಿನ ಇರುವಾಗ ಆ ಮನೆಯ ಬೀಗ ತೆರೆಯಿತು. ಭಾವನ ಬಡಾವಣೆಯ ಕೊನೆಯಲ್ಲಿ ಒಂದು ಮನೆ ಮೂರು ತಿಂಗಳಿಂದ ಮುಚ್ಚಿತ್ತು, ತಿಂಗಳು ತಿಂಗಳು ಅಂದಾಜು ಬರೆದು ಬರೆದು ಸಾಕಾಗಿತ್ತು. ಅವತ್ತು ಹೋದರೆ ಬಾಗಿಲು ತೆರೆದಿದೆ. ವಯಸ್ಸಾದ ಒಬ್ಬ ಹೆಂಗಸು ಕಿಟಕಿ ಒರೆಸುತ್ತ ಗುನುಗುತ್ತಿದ್ದಾರೆ. ಭಾವ ಗುಂಡಿಯ ಮುಚ್ಚಳ ಎತ್ತಿದವರು ಹಾಗೇ ನಿಂತರು. ಅದು ಮೊದಲ ಹಾಡು. ಬರೀ ರಾಗವಲ್ಲ, ಮಾತೂ ಇತ್ತು.

ಆಕೆ ಇಪ್ಪತ್ತು ವರ್ಷ ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ನಿವೃತ್ತರಾಗಿ ಆ ವಾರವಷ್ಟೇ ಬಂದಿದ್ದರು. ಭಾವ ತಡೆಯಲಾರದೆ, ಈ ಹಾಡಿನಲ್ಲಿ ಏನು ಹೇಳುತ್ತಾರೆ ಎಂದು ಕೇಳಿದರು.

“ಇದಾ?” ಎಂದು ನರ್ಸಮ್ಮ ನಕ್ಕರು. “ಟ್ರಾಮಿನಲ್ಲಿ ಕೊಡೆ ಮರೆತೋನ ಹಾಡು. ಟ್ರಾಮು ಹೊರಟು ಹೋಗಿದೆ, ಇವನು ಸ್ಟಾಪಿನಲ್ಲಿ ನಿಂತು ನನ್ನ ಕಪ್ಪು ಕೊಡೆಯೇ, ವಾಪಸ್ ಬಾ ಅಂತ ಅಳ್ತಾನೆ. ಅಲ್ಲಿ ಮಕ್ಕಳೆಲ್ಲ ಹಾಡೋರು. ನಾಡಿದ್ದು ಲೈಬ್ರರೀಲಿ ಈ ಹಾಡುಗಳ ಮೇಲೇ ಭಾಷಣ ಇದೆಯಂತೆ, ಕರಪತ್ರ ಕೊಟ್ಟು ಹೋದರು. ಯಾರೋ ದೊಡ್ಡ ವಿದ್ವಾಂಸರಂತೆ. ಆ ಭಾಷೆ ಬಾಯಿಗೆ ಬಂದು ವಾರ ಆಗ್ತಾ ಬಂತು, ಭಾಷಣ ಮುಗಿದ ಮೇಲೆ ಅವರ ಜೊತೆ ಕೂತು ಮನಸಾರೆ ಮಾತಾಡ್ಬೇಕು ಅಂತಿದೀನಿ. ನೀವೂ ಬನ್ನಿ.”

ಭಾವ ಮೀಟರ್ ಓದದೆ ಬಂದುಬಿಟ್ಟರು. ಬೀಗ ತೆರೆದಿದ್ದ ಮನೆಗೆ ‘ಅಂ’ ಹಾಕಿದ್ದು ಅವರ ಸರ್ವಿಸಿನಲ್ಲಿ ಅದೊಂದೇ ಸಲ. ಕೊಡೆಯನ್ನು ನರ್ಸಮ್ಮನ ಗೇಟಿನಲ್ಲೇ ಬಿಟ್ಟಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ.

ಶನಿವಾರ ಸಂಜೆ ಗ್ರಂಥಾಲಯದಲ್ಲಿ ಕುರ್ಚಿ ಸಾಲದೆ ಪಕ್ಕದ ದರ್ಜಿ ಅಂಗಡಿಯಿಂದ ಬೆಂಚು ತರಿಸಿದರು. ಜೇನಿನವರೂ ಬಂದು ಹಿಂದೆ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಮೊದಲ ಸಾಲಿನಲ್ಲಿ ಅಕ್ಕ, ಅವಳ ಶಾಲೆಯ ಟೀಚರುಗಳು, ರೈಲ್ವೆಯಿಂದ ನಿವೃತ್ತರಾದ ಟಿಕೆಟ್ ಇನ್‌ಸ್ಪೆಕ್ಟರು. ಮೇಜಿನ ಹಿಂದೆ ಸಾಹೇಬರು. ಟೇಪ್ ರೆಕಾರ್ಡರ್ ಹತ್ತಿರ ನಾನು. ಭಾವ ಇಸ್ತ್ರಿ ಮಾಡಿದ ಅಂಗಿಯೊಳಗೆ ಬೆವರುತ್ತ ಬಾಗಿಲನ್ನೇ ನೋಡುತ್ತಿದ್ದರು. ಸರಿಯಾಗಿ ಆರು ಗಂಟೆಗೆ ನರ್ಸಮ್ಮ ಬಂದರು. ಕೈಯಲ್ಲಿ ಭಾವನ ಕೊಡೆ.

ಮೇಜಿನ ಹಿಂದೆ ನಿಂತಿದ್ದ ಭಾವನನ್ನು ನೋಡಿ ಅವರು ಬಾಗಿಲಲ್ಲೇ ಒಂದು ಕ್ಷಣ ನಿಂತರು. ಆಮೇಲೆ ಬಂದು ಮೊದಲ ಸಾಲಿನಲ್ಲಿ, ಅಕ್ಕನ ಪಕ್ಕದಲ್ಲೇ ಕೂತರು.

ಮೊದಲು ಎರಡನೆಯ ಹಾಡು ಹಾಕು ಎಂದು ಭಾವ ನನಗೆ ಸನ್ನೆ ಮಾಡಿದರು. ಕೊಡೆಯನ್ನು ಆದಷ್ಟು ಮುಂದೂಡುವ ಉಪಾಯ. ಆ ಹಾಡಿನ ನಡುವೆ ಕಹಳೆಯ ಸದ್ದು ಇದ್ದದ್ದರಿಂದ ಭಾವ ಅದನ್ನು ಯುದ್ಧದಿಂದ ಮರಳಿದ ಸಿಪಾಯಿಯ ಹಾಡು ಎಂದು ಬರೆದಿದ್ದರು. ‘ಊರು ಬಿಟ್ಟಾಗ ಇದ್ದಷ್ಟು ನಾನೀಗ ಇಲ್ಲ ತಾಯಿ, ಅರ್ಧ ಅಲ್ಲೇ ಉಳಿದೆ’ ಎಂಬ ಸಾಲಿಗೆ ಟಿಕೆಟ್ ಇನ್‌ಸ್ಪೆಕ್ಟರು ಗಳಗಳ ಅತ್ತುಬಿಟ್ಟರು. ಆಮೇಲೆ ಅಕ್ಕ ಹುಡುಕಿ ತಂದಿದ್ದ ಇಂಗ್ಲಿಷ್ ಕ್ಯಾಸೆಟ್ಟಿನಿಂದ ಅದರ ಇಂಗ್ಲಿಷ್ ರೂಪ ಹಾಕಿದೆ. ಅದರಲ್ಲಿ ಯಾರೋ ದ್ವೀಪಕ್ಕೆ ರಜಕ್ಕೆ ಹೋಗಿ ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. “ನಾಚಿಕೆಗೇಡು” ಎಂದರು ಇನ್‌ಸ್ಪೆಕ್ಟರು ಮೂಗೊರೆಸುತ್ತ.

ಆಮೇಲೆ ಮೊದಲ ಹಾಡು. ಭಾವ ನೂರು ಬಾಗಿಲುಗಳ ಸಾಲು ಓದಿದರು. ಧ್ವನಿ ನಡುಗುತ್ತಿತ್ತು, ಜನ ಅದನ್ನು ಭಾವುಕತೆ ಎಂದು ತಿಳಿದರು. ಅಕ್ಕ ಹೆಮ್ಮೆಯಿಂದ ಎಡಬಲಕ್ಕೆ ನೋಡಿದಳು. ಇಂಗ್ಲಿಷಿನವನ ಕಾರು ಬಂದು ಹೋದ ಮೇಲೆ ಸಾಹೇಬರು ಎದ್ದು, ಮೂಲ ಮೂಲವೇ, ನಕಲು ನಕಲೇ ಎಂದು ಹದಿನೈದು ನಿಮಿಷ ಹೇಳಿದರು. “ನಮ್ಮ ನಡುವೆ ಜರ್ಮನಿಯಲ್ಲೇ ಇದ್ದು ಬಂದವರು ಇದಾರೆ ಅಂತ ತಿಳೀತು. ಅವರು ಎರಡು ಮಾತು ಹೇಳ್ಬೇಕು.”

ನರ್ಸಮ್ಮ ಎದ್ದರು. “ನನಗೆ ಹೇಳ್ಬೇಕು ಅಂತ ಆಸೆ ಇಲ್ಲ. ಕೇಳಿದ್ರಿ, ಹೇಳ್ತೀನಿ. ಸೂಜಿ ಚುಚ್ಚುವಾಗಲೂ ನೋಯುತ್ತೆ ಅಂತಲೇ ಹೇಳಿ ಚುಚ್ಚಿದೋಳು ನಾನು” ಎಂದರು. “ಮೊದಲನೇ ಹಾಡಿನಲ್ಲಿ ಬಾಗಿಲು ಇಲ್ಲ, ಹುಡುಗಿ ಇಲ್ಲ. ಟ್ರಾಮಿನಲ್ಲಿ ಕೊಡೆ ಮರೆತೋನು ಕೊಡೆಗೋಸ್ಕರ ಅಳ್ತಾನೆ. ಇನ್ನೊಂದರಲ್ಲಿ ಸಿಪಾಯಿ ಇಲ್ಲ. ದಪ್ಪಗಿರೋ ಒಬ್ಬ ಮನುಷ್ಯ ತೂಕದ ಯಂತ್ರದ ಮೇಲೆ ನಿಂತು ಪೇಚಾಡ್ತಾನೆ.”

ಮೊದಲು ಬಾಯಿಬಿಟ್ಟವರು ಟಿಕೆಟ್ ಇನ್‌ಸ್ಪೆಕ್ಟರು. “ಅಂದ್ರೆ ನಾನು ಅತ್ತಿದ್ದು ದಪ್ಪ ಆದೋನಿಗಾ?”

“ಅರ್ಧ ಅಲ್ಲೇ ಉಳೀಲಿ ಅಂತ ಅವನಿಗೂ ಆಸೆ ಇತ್ತು ಪಾಪ” ಎಂದರು ನರ್ಸಮ್ಮ.

ಅಕ್ಕ ಎದ್ದು ಹೋಗಿ ಭಾವನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡಳು. ತಂದು ನರ್ಸಮ್ಮನ ಮುಂದೆ ಹಿಡಿದಳು. “ಪೂರ್ತಿ ನೋಡಿ ಹೇಳಿ. ಇದರಲ್ಲಿ ಒಂದಾದ್ರೂ ಸಾಲು ಅವನು ಹಾಡಿದ್ದು ಇದೆಯಾ?”

ನರ್ಸಮ್ಮ ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ನಿಧಾನವಾಗಿ ಓದಿದರು. ಒಂದೆರಡು ಕಡೆ ಓದುವುದನ್ನು ನಿಲ್ಲಿಸಿ ಭಾವನ ಮುಖ ನೋಡಿದರು. ಕೊನೆಗೆ “ಇಲ್ಲಮ್ಮ” ಎಂದರು.

ಸಾಹೇಬರು ಮೇಜಿನಾಚೆಯಿಂದ ಬಗ್ಗಿ ನೋಡಿದರು. ಅವರ ಹುಬ್ಬು ಮೇಲೇರಿತು. “ಇದೇನ್ರೀ, ಸಾಲು ಸಾಲಿಗೂ ‘ಅಂ’ ಹಾಕಿದೀರಿ?”

“ಅಂದಾಜು ಸರ್.”

“ಎಲ್ಲಾನೂ?”

“ಎಲ್ಲಾನೂ ಸರ್. ಬಾಗಿಲು ಹಾಕಿತ್ತು.”

“ಎಷ್ಟು ಕಾಲದಿಂದ?”

“ಹದಿನಾರು ವರ್ಷ.”

“ಮೂರು ತಿಂಗಳಿಗಿಂತ ಹೆಚ್ಚು ಅಂದಾಜು ಹಾಕೋ ಹಾಗಿಲ್ಲ ಅಂತ ಗೊತ್ತಿಲ್ವಾ? ಬಾಗಿಲು ತೆರೆಸಿ ನಿಜವಾದ ರೀಡಿಂಗ್ ತಗೋಬೇಕು.”

“ಧೈರ್ಯ ಆಗ್ಲಿಲ್ಲ ಸರ್” ಎಂದರು ಭಾವ, ತಲೆ ತಗ್ಗಿಸಿ.

ಸಾಹೇಬರು ಎಲ್ಲ ಪುಟಗಳನ್ನೂ ತನಿಖೆ ಮಾಡಿದರು. ಆಮೇಲೆ ಸಭೆಯ ಕಡೆ ತಿರುಗಿ ಗಂಭೀರವಾಗಿ ಹೇಳಿದರು: “ದಾಖಲೆ ಸರಿಯಾಗಿದೆ. ಊಹೆಯನ್ನ ನಿಜ ಅಂತ ಇವರು ಎಲ್ಲೂ ಬರೆದಿಲ್ಲ. ಆ ಇಂಗ್ಲಿಷಿನವನು ಕೊಡೆ ತೆಗೆದು ಕಾರು ಇಟ್ಟ, ದಪ್ಪ ಮನುಷ್ಯನನ್ನ ದ್ವೀಪಕ್ಕೆ ಕಳಿಸ್ದ. ಅವನು ಎಲ್ಲಾದ್ರೂ ‘ಅಂ’ ಹಾಕಿದಾನಾ? ಎರಡರಲ್ಲಿ ನಮ್ಮ ಇಲಾಖೆಯ ರೂಪವೇ ಪ್ರಾಮಾಣಿಕವಾದದ್ದು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರು ಎದ್ದು ನಿಂತು, ನನಗೆ ಸಿಪಾಯಿಯೇ ಇರಲಿ, ದಪ್ಪನೆಯವನು ಬೇಡ ಎಂದರು. ಇಷ್ಟೆಲ್ಲ ಗದ್ದಲದಲ್ಲಿ ಭಾವ ನೋಡುತ್ತಿದ್ದದ್ದು ಒಂದನ್ನೇ. ಅಕ್ಕನ ಕುರ್ಚಿ ಖಾಲಿಯಾಗಿತ್ತು.

ನರ್ಸಮ್ಮ ಕೊಡೆಯನ್ನು ಭಾವನ ಕೈಗಿತ್ತರು. “ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತೇನೋ” ಎಂದರು. ಆಮೇಲೆ ಮೆಲ್ಲಗೆ “ಇಪ್ಪತ್ತು ವರ್ಷ ಆ ಹಾಡು ಕೇಳಿದೀನಿ. ನಿಮ್ಮ ಕೈಲಿ ಅದು ಚೆನ್ನಾಗಾಗಿದೆ” ಎಂದು ಸೇರಿಸಿದರು.

ನಾವಿಬ್ಬರೂ ಬೇಗ ಬೇಗ ಮನೆಗೆ ನಡೆದೆವು. ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕ ಕನ್ನಡಿಯ ಮುಂದೆ ಕೂತಿದ್ದಳು. ಕ್ಯಾಸೆಟ್ಟಿನ ಹೊದಿಕೆ ಅವಳ ಮಡಿಲಲ್ಲಿತ್ತು. ಭಾವ ಹೊಸ್ತಿಲ ಹೊರಗೇ ನಿಂತು ಕೆಮ್ಮಿದರು.

“ಕೆಮ್ಮಬೇಡಿ” ಎಂದಳು ಅಕ್ಕ. “ಇವನು ಹೇಳಿಲ್ಲ. ಹಾಗಾದ್ರೆ ಯಾರು ಹೇಳಿದ್ದು?”

ಭಾವ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ಬಿಸಿಲಲ್ಲಿ ಬಂದಿದೀರಾ ಅಂತ ಕೇಳಿದ್ದು ಯಾರು? ಜರ್ಮನಿಯೋಳಾ?”

“ಅಲ್ಲ. ನೀನು.”

“ಇವನನ್ನ ನೋಡಿ ಕಲೀರಿ, ಇವನನ್ನ ನೋಡಿ ಕಲೀ‌ರಿ ಅಂತ ಇಷ್ಟು ವರ್ಷ ಬಡ್ಕೊಂಡೆ. ನಿಮಗೆ ಒಂದು ಒಳ್ಳೆ ಮಾತು ಆಡೋಕೆ ಬರಲ್ಲ ಅಂತ ಊರೆಲ್ಲ ಹೇಳಿದೆ. ಯಾಕೆ ಸುಮ್ಮನಿದ್ರಿ?”

“ಆ ಹಾಡು ಬಂದಾಗ ನಿನ್ನ ಮುಖ ನೋಡೋಕೆ ಚೆನ್ನಾಗಿರ್ತಿತ್ತು” ಎಂದರು ಭಾವ. “ಅದು ಹೋಗ್ಬಿಟ್ರೆ ಅಂತ.”

ಅಕ್ಕ ಹೊದಿಕೆಯನ್ನು ಬೋರಲು ಹಾಕಿದಳು. ಕಣ್ಣೊರೆಸಿಕೊಂಡಳು. ನನ್ನ ಅಕ್ಕ ಅಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆದರೆ ಅದು ಗಂಡನದೇ ಮಾತು ಎಂದು ಗೊತ್ತಿದ್ದು ಅತ್ತದ್ದು ಅದೇ ಮೊದಲು.

“ಸರಿ. ಈಗ ಹೇಳಿ” ಎಂದಳು. “ಹಾಡು ಹಾಕದೆ ಹೇಳಿ.”

ಭಾವ ಬಾಯಿ ತೆರೆದರು. ಟೇಪ್ ರೆಕಾರ್ಡರಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. ಅವರ ಹಿಂದೆಯೇ ಅಕ್ಕನೂ ನನ್ನ ಕಡೆ ನೋಡಿದಳು.

“ನಿನಗೇನು ಕೆಲಸ ಇಲ್ಲಿ? ನಿನ್ನ ಮನೇಲಿ ಯಾರೂ ಕಾಯ್ತಿಲ್ವಾ?” ಎಂದಳು. ನಾನು ಹೊರಟೆ. ಕಥೆ ಹೇಳುವವನಿಗೆ ಮುಖ್ಯವಾದ ಜಾಗದಲ್ಲೇ ಹೀಗೆ ಬಾಗಿಲು ಹಾಕಿಬಿಡುತ್ತಾರೆ.

ಮರುದಿನ ಬೆಳಿಗ್ಗೆ ಭಾವ ಅಂಗಡಿಗೆ ಬಂದು, ಸ್ಕ್ರೂಗಳ ಮೇಲೆ ಟೀ ಲೋಟ ಇಟ್ಟು ಕೂತರು. ನಿದ್ದೆಗೆಟ್ಟ ಮುಖ, ಆದರೆ ಕಳೆಯಾಗಿತ್ತು.

“ಹೇಳಿದ್ರಾ?”

“ಹೇಳಿದೆ. ನಡುವೆ ಎರಡು ಸಲ ಮರೆತೆ. ಅವಳೇ ಹೇಳಿಕೊಟ್ಟಳು.”

ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ಮುಂದೆ ತಳ್ಳಿದರು. ಮೊದಲ ಹಾಡಿನ ಪುಟ. ಪ್ರತಿ ಸಾಲಿನ ‘ಅಂ’ ಮೇಲೂ ಕೆಂಪು ಶಾಯಿಯ ಗೆರೆ ಎಳೆದಿತ್ತು, ಪಕ್ಕದಲ್ಲಿ ಸರಿ ಎಂಬ ಗುರುತು. ಕೆಳಗೆ ಅಕ್ಕನ ದುಂಡು ಅಕ್ಷರದಲ್ಲಿ ಬರೆದಿತ್ತು: ‘ಹತ್ತಕ್ಕೆ ಏಳು. ಹದಿನಾರು ವರ್ಷ ತಡವಾಗಿ ಒಪ್ಪಿಸಿದ್ದಕ್ಕೆ ಮೂರು ಅಂಕ ಕಡಿತ.’

“ಏಳು ಅಂದ್ರೆ ಪಾಸಲ್ವೇನಯ್ಯ?”

“ಫಸ್ಟ್ ಕ್ಲಾಸ್ ಭಾವ.”

ಭಾವ ಟೀ ಕುಡಿದರು. ಏನೂ ಅಲ್ಲವೆಂಬಂತೆ ಕೇಳಿದರು: “ಆ ಮೀಸೆಯೋನಿಗೆ ಎಷ್ಟು ಕೊಡ್ತಿದ್ಲೋ ಏನೋ.”

ಅಷ್ಟರಲ್ಲಿ ತರಕಾರಿ ಚೀಲ ಹಿಡಿದು ಬಂದ ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. “ಅವನಿಗೆ ಸೊನ್ನೆ” ಎಂದಳು. “ಒಂದು ಕೊಡೆ ಜೋಪಾನ ಮಾಡೋಕೆ ಬರದೋನಿಗೆ ಮಾರ್ಕ್ಸು ಬೇರೆ ಕೇಡು. ನಡೀರಿ, ಬಲ್ಬು ತಗೋಬೇಕು.”

ಭಾವ ಧಡಕ್ಕನೆ ಎದ್ದು, ಲೋಟ ಇಟ್ಟು, ಅಕ್ಕನ ಚೀಲ ತಾವು ತೆಗೆದುಕೊಂಡು ಮೆಟ್ಟಿಲಿಳಿದರು. ಹದಿನಾರು ವರ್ಷದಲ್ಲಿ ಇಬ್ಬರೂ ಅಕ್ಕಪಕ್ಕದಲ್ಲಿ ನಡೆದು ಹೋದದ್ದನ್ನು ನಾನು ನೋಡಿದ್ದು ಕಡಿಮೆ, ಅದಕ್ಕೇ ತಿರುವಿನವರೆಗೂ ನೋಡುತ್ತ ನಿಂತೆ. ಆಮೇಲೆ ಕೆಲಸಕ್ಕೆ ಕೂರೋಣವೆಂದು ತಿರುಗಿದರೆ, ಬೆಂಚಿನ ತುದಿಗೆ ಭಾವನ ಕಪ್ಪು ಕೊಡೆ ನೇತಾಡುತ್ತಿತ್ತು. ಕೂಗಿ ಕರೆಯೋಣ ಎಂದುಕೊಂಡೆ. ಪಕ್ಕದಲ್ಲಿ ಅಕ್ಕ ಇರುವುದು ನೆನಪಾಗಿ, ಸದ್ದಿಲ್ಲದೆ ಅದನ್ನು ಮೇಜಿನ ಕೆಳಗೆ ಬಚ್ಚಿಟ್ಟೆ.